ಚಳಿಗಾಲದಲ್ಲಿ ಕುದುರೆಗೆ ಎಂಥ ಹೊದಿಕೆ?

ಪ್ರಶ್ನೆ: ನಮ್ಮ ಕುದುರೆ ದಿನವಿಡೀ ಬಯಲಿನಲ್ಲಿರುತ್ತದೆ. ಕೂದಲು ಕತ್ತರಿಸಿಲ್ಲ. ರಾತ್ರಿ ದಪ್ಪ ಹೊದಿಕೆ ಹೊದಿಸಿದರೂ ಬೆಳಿಗ್ಗೆ ಕಿವಿ ತಣ್ಣಗಿರುತ್ತದೆ. ಇನ್ನೂ ದಪ್ಪನೆಯದು ಬೇಕೇ?

ಉತ್ತರ: ಕಿವಿಯೊಂದನ್ನೇ ಮುಟ್ಟಿ ತೀರ್ಮಾನಿಸಬೇಡಿ. ಹೊದಿಕೆಯ ಒಳಗೆ, ಭುಜದ ಹಿಂಭಾಗಕ್ಕೆ ಕೈ ತೂರಿಸಿ ನೋಡಿ. ಮೈ ಹಿತವಾಗಿ ಬೆಚ್ಚಗಿದ್ದರೆ ಅಷ್ಟು ಸಾಕು, ಕೈಗೆ ಪಸೆ ಅಂಟಿದರೆ ಕುದುರೆ ಬೆವರಿದೆ ಎಂದು ತಿಳಿದು ಹಗುರವಾದುದನ್ನು ಹಾಕಬೇಕು. ಆರೋಗ್ಯವಂತ ಕುದುರೆಯ ಚಳಿಗಾಲದ ಕೂದಲು ನಿಮಿರಿ ನಿಂತು ತನ್ನೊಳಗೆ ಬೆಚ್ಚನೆಯ ಗಾಳಿಯನ್ನು ಹಿಡಿದಿಡುವುದರಿಂದ, ನಾವು ನಡುಗುವ ಚಳಿಯನ್ನೂ ಅದು ಸಲೀಸಾಗಿ ತಡೆಯುತ್ತದೆ. ಅದನ್ನು ನಿಜವಾಗಿ ಕಂಗೆಡಿಸುವುದು ಮಳೆ ಮತ್ತು ಗಾಳಿ ಒಟ್ಟಿಗೆ ಬಂದಾಗ. ಆದ್ದರಿಂದ ನಿಮ್ಮ ಕುದುರೆಗೆ, ಒಳತುಂಬುವಿಕೆ (ಬೆಚ್ಚಗಿಡಲು ಬಟ್ಟೆಯ ನಡುವೆ ತುಂಬುವ ಮೆತ್ತನೆಯ ಪದರ) ಇಲ್ಲದ, ನೀರು ಒಳಗಿಳಿಯದ ಆದರೆ ಬೆವರಿನ ಆವಿಯನ್ನು ಹೊರಬಿಡುವ ಹೊದಿಕೆಯೇ ಬಹುಶಃ ಸಾಕು. ಚದರ ಮೀಟರಿಗೆ 200 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ತುಂಬುವಿಕೆಯಿರುವವು ಮುಖ್ಯವಾಗಿ ಕೂದಲು ಕತ್ತರಿಸಿದ, ಬಡಕಲಾದ ಅಥವಾ ವಯಸ್ಸಾದ ಕುದುರೆಗಳಿಗೆ. ಚಳಿ ಹೆಚ್ಚಿದ ರಾತ್ರಿ ಇನ್ನಷ್ಟು ಒಣಹುಲ್ಲು ಹಾಕಿ; ನಾರು ದೊಡ್ಡ ಕರುಳಿನಲ್ಲಿ ಹುದುಗುವಾಗ ಹುಟ್ಟುವ ಶಾಖ ಒಳಗಿನಿಂದಲೇ ಮೈ ಕಾಯಿಸುತ್ತದೆ.

ದಯವಿಟ್ಟು ದಿನಕ್ಕೊಮ್ಮೆಯಾದರೂ ಹೊದಿಕೆಯನ್ನು ಪೂರ್ತಿ ತೆಗೆಯಿರಿ. ಭುಜದ ತುದಿಯಲ್ಲಿ, ಎದೆಯಲ್ಲಿ ಕೂದಲು ಸವೆದಿದೆಯೇ ನೋಡಿ, ಪಕ್ಕೆಲುಬುಗಳ ಮೇಲೆ ಅಂಗೈ ಆಡಿಸಿ. ಹೊದಿಕೆಯ ಮರೆಯಲ್ಲಿ ಕುದುರೆ ಸೊರಗುತ್ತಿರುವುದು ಎಷ್ಟೋ ಸಲ ಯಾರಿಗೂ ತಿಳಿಯುವುದೇ ಇಲ್ಲ.