ತಂಡದ ಆಯ್ಕೆ ಯಾರ ಹೊಣೆ: ಮ್ಯಾನೇಜರ್‌ನದೋ ಕೋಚ್‌ನದೋ?

ಫುಟ್‌ಬಾಲ್ ಕ್ಲಬ್ಬೊಂದರ ಮ್ಯಾನೇಜರ್ ಆದ ನೀವು, ಪ್ರತಿ ಪಂದ್ಯಕ್ಕೂ ಮುನ್ನ ಆಟಗಾರರ ಆಯ್ಕೆಯ ಬಗ್ಗೆ ಕೋಚ್‌ನೊಂದಿಗೆ ಜಟಾಪಟಿ ನಡೆಯುತ್ತದೆಂದು ಹೇಳಿ, ಆಯ್ಕೆ ಯಾರ ಹೊಣೆ ಎಂದು ಕೇಳಿದ್ದೀರಿ. ಈ ಜಟಾಪಟಿಗೆ ನೀವು ಶಂಕಿಸಿರುವಂತೆ ಕೋಚ್‌ನ ಹಟಮಾರಿತನ ಕಾರಣವಿರಲಾರದು. ಕ್ಲಬ್ ನಿಮ್ಮನ್ನು ಮ್ಯಾನೇಜರ್ ಎಂದು ನೇಮಿಸಿ, ಅಧಿಕಾರದ ಎಲ್ಲೆಯನ್ನು ಬರೆದುಕೊಡದಿರುವುದೇ ಬಹುಶಃ ಇದರ ಮೂಲ. ಇಂಗ್ಲೆಂಡಿನ ಸಂಪ್ರದಾಯದಲ್ಲಿ ತಂಡವನ್ನು ಆರಿಸಿ, ತಂತ್ರ ರೂಪಿಸಿ, ಸೋಲು ಗೆಲುವಿಗೆ ಉತ್ತರ ಕೊಡುವವರೇ ಮ್ಯಾನೇಜರ್. 1986ರಿಂದ 2013ರವರೆಗೆ ಅಲ್ಲಿನ ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್‌ನಲ್ಲಿ ಮ್ಯಾನೇಜರ್ ಅಲೆಕ್ಸ್ ಫರ್ಗುಸನ್ ಹೊತ್ತದ್ದು ಆ ಬಗೆಯ ಹೊಣೆ. ಬೇರೆ ಅನೇಕ ಕಡೆ ಅದೆಲ್ಲ ಹೆಡ್ ಕೋಚ್‌ಗೆ ಸೇರಿದ್ದು, ಟೀಮ್ ಮ್ಯಾನೇಜರ್ ನೋಂದಣಿ, ಪ್ರಯಾಣ, ಜೆರ್ಸಿ, ದಾಖಲೆಗಳನ್ನು ನೋಡಿಕೊಳ್ಳುತ್ತಾರೆ. ನೀವು ವಿವರಿಸಿದ ದಿನನಿತ್ಯದ ಕೆಲಸ ಎರಡನೆಯ ಬಗೆಯದೆಂದು ತೋರುತ್ತದೆಯಾದರೂ, ನೇಮಕಾತಿ ಪತ್ರವನ್ನು ಕಾಣದೆ ಖಚಿತವಾಗಿ ಹೇಳಲಾಗದು.

ಮೊದಲು ಪದಾಧಿಕಾರಿಗಳ ಸಮ್ಮುಖದಲ್ಲಿ ಆಯ್ಕೆ, ಬದಲಿ ಆಟಗಾರರು ಮತ್ತು ಶಿಸ್ತುಕ್ರಮ ಯಾರ ಪಾಲಿಗೆಂದು ಲಿಖಿತವಾಗಿ ಇತ್ಯರ್ಥ ಮಾಡಿಸಿಕೊಳ್ಳಿ. ಬಾಯಿಮಾತಿನ ಒಪ್ಪಂದ ಮೊದಲ ಸೋಲಿನವರೆಗೂ ಬಾಳದು. ಅನಂತರ, ಕೋಚ್ ಪಟ್ಟಿಯನ್ನು ನಿಮ್ಮ ಕೈಗೊಪ್ಪಿಸಲು ಒಂದು ಗಡುವು ಗೊತ್ತುಮಾಡಿ, ಪ್ರತಿ ಹೆಸರಿನ ನೋಂದಣಿಯನ್ನೂ ಅಮಾನತು ಇದೆಯೇ ಎಂಬುದನ್ನೂ ನೀವೇ ಪರಿಶೀಲಿಸಿ, ಏಕೆಂದರೆ ಪಂದ್ಯಕ್ಕೆ ಮುನ್ನ ರೆಫರಿಗೆ ಹೆಸರು ಸಲ್ಲಿಕೆಯಾಗದ ಬದಲಿ ಆಟಗಾರ ನಿಯಮದ ಪ್ರಕಾರ ಆಡುವಂತಿಲ್ಲ. ಬದಲಿಗಳ ಸಂಖ್ಯೆ ಪಂದ್ಯಾವಳಿಯಿಂದ ಪಂದ್ಯಾವಳಿಗೆ ಬೇರೆಯಾಗುವುದರಿಂದ ಆಯೋಜಕರ ನಿಯಮಾವಳಿಯನ್ನೇ ನೋಡಿ. ಪಂದ್ಯದ ವೇಳೆ ಟೆಕ್ನಿಕಲ್ ಏರಿಯಾದಿಂದ (ಮೈದಾನದ ಅಂಚಿನಲ್ಲಿ ತಂಡದ ಸಿಬ್ಬಂದಿಗೂ ಬದಲಿ ಆಟಗಾರರಿಗೂ ಮೀಸಲಾದ ಜಾಗ) ಒಂದು ಸಲಕ್ಕೆ ಒಬ್ಬರು ಮಾತ್ರ ತಂತ್ರದ ಸೂಚನೆ ಕೊಡಬಹುದಾದ್ದರಿಂದ ಆ ಸ್ಥಾನವನ್ನು ಕೋಚ್‌ಗೆ ಬಿಟ್ಟು, ಬೆಂಚಿನ ಶಿಸ್ತನ್ನು ನೀವು ವಹಿಸಿಕೊಳ್ಳಿ: ಅಲ್ಲಿ ತಪ್ಪು ಮಾಡಿದವರು ಯಾರೆಂದು ತಿಳಿಯದಿದ್ದರೆ ರೆಫರಿಯ ಹಳದಿ ಅಥವಾ ಕೆಂಪು ಕಾರ್ಡ್ ಅಲ್ಲಿರುವ ಹಿರಿಯ ಕೋಚ್‌ಗೇ ಬೀಳುತ್ತದೆ.