ನಡುವಿನವಳನ್ನು ಯಾಕೆ ಬಿಟ್ಟಿರಿ?

ಪ್ರಿಯ ಲೇಖಕರೇ,

ನಾಪೋಕ್ಲಿನಿಂದ ನೀವು ಕಳಿಸಿದ ‘ಇರುಳು ಕಾಣದ ಕಣ್ಣು’ ಲೇಖನ ತಲುಪಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಹಾಗೆಂದು ವಿಷಾದದ ಎರಡು ಸಾಲು ಬರೆದು ಕೈತೊಳೆದುಕೊಳ್ಳುವಂಥ ಬರಹವೂ ಇದಲ್ಲ. ಮುಲಾಜಿಲ್ಲದೆ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ.

ನಿಮ್ಮ ಕೈಯಲ್ಲಿರುವ ಸಂಗತಿ ಇಷ್ಟು. ಒಬ್ಬ ತಾತ, ಹರೆಯದಲ್ಲೇ ಇರುಳುಗಣ್ಣು ಶುರುವಾಗಿ, ಐವತ್ತರ ಹೊತ್ತಿಗೆ ಹಗಲಿನ ನೋಟವೂ ನಡುವಿನ ಒಂದು ಕಿಂಡಿಯಷ್ಟಕ್ಕೆ ಕುಗ್ಗಿಹೋಯಿತು. ಅವರ ಮಗಳಿಗೆ ಏನೂ ಇಲ್ಲ. ಅವಳು ಮದುವೆಯಾಗಿ ಬೇರೆ ಒಕ್ಕಕ್ಕೆ, ಅಂದರೆ ಬೇರೆ ಮನೆತನಕ್ಕೆ ಹೋದಳು. ಅವಳ ಮಗನಿಗೆ ಹದಿನಾರಕ್ಕೆ ಮತ್ತೆ ಅದೇ. ಊರವರು ತವರಿನ ಶಾಪ ತಂದಳು ಎಂದರು, ಆಸ್ಪತ್ರೆಯವರು ರೆಟಿನೈಟಿಸ್ ಪಿಗ್ಮೆಂಟೋಸಾ, ಅಂದರೆ ಅಕ್ಷಿಪಟಲ ನಿಧಾನವಾಗಿ ಕೆಡುವ ವಂಶವಾಹಿ ಕಾಯಿಲೆ ಎಂದರು, ರಕ್ತಪರೀಕ್ಷೆಯಲ್ಲಿ ಪಿಆರ್‌ಪಿಎಫ್31 ಎಂಬ ಜೀನ್‌ನ ದೋಷ ಸಿಕ್ಕಿತು.

ಇದು ಗೊತ್ತಾಗಲು ಓದುಗ ಐದನೇ ಪುಟದವರೆಗೆ ಕಾಯಬೇಕು. ಅದಕ್ಕೂ ಮೊದಲು ಒಂದೂವರೆ ಪುಟ ಮಂಜು, ಬೆಟ್ಟ, ಹಬೆಯಾಡುವ ಕಾಫಿ. ಇದೆಲ್ಲ ಹೋಂಸ್ಟೇ ಜಾಹೀರಾತಿಗೆ ಇರಲಿ. ನಮ್ಮ ಓದುಗರಲ್ಲಿ ಅರ್ಧದಷ್ಟು ಜನ ಕೊಡಗಿನವರೇ. ಅವರಿಗೆ ಮಂಜು ಅಂದರೆ ಒಣಗದ ಬಟ್ಟೆ. ಆಮೇಲೆ ಮೆಂಡೆಲನ ಬಟಾಣಿ, ಡಿಎನ್‌ಎ ಏಣಿ, ಎರಡೂವರೆ ಪುಟ. ಅದನ್ನೂ ತೆಗೆಯಿರಿ. ಹತ್ತನೇ ತರಗತಿ ದಾಟಿದವರಿಗೆ ಜೀನ್ ಅಂದರೇನು ಎಂದು ಅಂದಾಜಿದೆ. ಗೊತ್ತಿಲ್ಲದ್ದು ಮುಂದಿನ ಹೆಜ್ಜೆ: ಜೀನ್‌ನಿಂದ ಬರೆದುಕೊಂಡ ಆರ್‌ಎನ್‌ಎ ಪ್ರತಿಯಲ್ಲಿ ಪ್ರೊಟೀನಿಗೆ ಬೇಕಿಲ್ಲದ ಉದ್ದುದ್ದ ಭಾಗಗಳು ಇರುತ್ತವೆ, ಜೀವಕೋಶ ಅವನ್ನು ಕತ್ತರಿಸಿ ತೆಗೆದು ಉಳಿದ ತುಂಡುಗಳನ್ನು ಜೋಡಿಸುತ್ತದೆ ಎಂಬುದು. 1977ರಲ್ಲಿ ಇದು ಬೆಳಕಿಗೆ ಬಂದಾಗ ಜೀವವಿಜ್ಞಾನಿಗಳೇ ಬೆರಗಾಗಿದ್ದರು. 1993ರಲ್ಲಿ ರಿಚರ್ಡ್ ರಾಬರ್ಟ್ಸ್ ಮತ್ತು ಫಿಲಿಪ್ ಶಾರ್ಪ್ ಅವರಿಗೆ ನೊಬೆಲ್ ಬಂದದ್ದು ಇದಕ್ಕೇ. ನೀವು ಇದಕ್ಕೆ ಕೊಟ್ಟಿರುವುದು ಒಂದೇ ವಾಕ್ಯ, ಅದರಲ್ಲೂ ಕಾಫಿ ಪಲ್ಪಿಂಗಿನ ಹೋಲಿಕೆ: ಸಿಪ್ಪೆ ಹೋಗಿ ಬೀಜ ಉಳಿದ ಹಾಗೆ. ಪಲ್ಪರ್‌ನಲ್ಲಿ ಒಂದಿಷ್ಟು ಸಿಪ್ಪೆ ಬೀಜದ ಜೊತೆ ಬಂದರೂ ಕಾಫಿ ಕಾಫಿಯೇ. ಇಲ್ಲಿ ಜೋಡಣೆ ಒಂದಕ್ಷರ ಆಚೀಚೆಯಾದರೆ ಅಲ್ಲಿಂದ ಮುಂದಿನ ಓದೆಲ್ಲ ತಪ್ಪುತ್ತದೆ. ಹೋಲಿಕೆ ಬಿಟ್ಟು ನೇರವಾಗಿ ಹೇಳಿ.

ಈಗ ತಪ್ಪುಗಳು. ಪಿಆರ್‌ಪಿಎಫ್31 ಪ್ರೊಟೀನು ಆರ್‌ಎನ್‌ಎಯನ್ನು ಕತ್ತರಿಸುತ್ತದೆ ಎಂದಿದ್ದೀರಿ. ಅದು ಕತ್ತರಿಸುವುದಿಲ್ಲ. ಈ ಕತ್ತರಿಸಿ ಜೋಡಿಸುವ ಕೆಲಸ ಮಾಡುವ, ಸ್ಪ್ಲೈಸಿಯೋಸೋಮ್ ಎಂಬ ಯಂತ್ರದಲ್ಲಿ ನೂರಕ್ಕೂ ಹೆಚ್ಚು ಪ್ರೊಟೀನುಗಳು, ಐದು ಪುಟ್ಟ ಆರ್‌ಎನ್‌ಎಗಳು ಇವೆ. ಅವುಗಳಲ್ಲಿ ಯು4, ಯು6, ಯು5 ಎಂಬ ಮೂರರ ಕೂಟವನ್ನು ಬಿಟ್ಟುಹೋಗದಂತೆ ಹಿಡಿದಿಡುವವುಗಳಲ್ಲಿ ಇದೊಂದು. ಇದಿಲ್ಲದೆ ಕೂಟ ಕಟ್ಟುವುದಿಲ್ಲ, ಕೂಟವಿಲ್ಲದೆ ಕೆಲಸ ನಡೆಯುವುದಿಲ್ಲ.

‘ಕಣ್ಣಿನ ಜೀನ್’ ಎಂದು ಮತ್ತೆ ಮತ್ತೆ ಬರೆದಿದ್ದೀರಿ. ಇದು ಇನ್ನೂ ದೊಡ್ಡ ತಪ್ಪು, ಯಾಕೆಂದರೆ ಕಥೆಯ ಸ್ವಾರಸ್ಯವನ್ನೇ ತಿಂದುಹಾಕುತ್ತದೆ. ಈ ಪ್ರೊಟೀನು ಯಕೃತ್ತಿಗೂ ಬೇಕು, ಹೃದಯಕ್ಕೂ ಬೇಕು, ಚರ್ಮಕ್ಕೂ ಬೇಕು. ಎಲ್ಲ ಕಡೆ ಕೆಲಸ ಮಾಡುವ ವಸ್ತು ಅರ್ಧಕ್ಕೆ ಇಳಿದಾಗ ಕಣ್ಣೊಂದೇ ಯಾಕೆ ಸೋಲುತ್ತದೆ? ಸಂಶೋಧಕರು ಇನ್ನೂ ಇದನ್ನು ಚರ್ಚಿಸುತ್ತಲೇ ಇದ್ದಾರೆ. ಒಂದು ಕಾರಣ ಹೀಗಿರಬಹುದು: ಮಬ್ಬು ಬೆಳಕಿನಲ್ಲಿ ನೋಡುವ ಕಡ್ಡಿಕೋಶಗಳು ಬೆಳಕು ಹಿಡಿಯುವ ತಮ್ಮ ತುದಿಯನ್ನು ಸುಮಾರು ಹತ್ತು ದಿನಕ್ಕೊಮ್ಮೆ ಪೂರ್ತಿ ಹೊಸದಾಗಿ ಕಟ್ಟಿಕೊಳ್ಳುತ್ತವೆ. ಅಷ್ಟು ಪ್ರೊಟೀನು ತಯಾರಾಗಬೇಕಾದರೆ ಆರ್‌ಎನ್‌ಎ ಜೋಡಣೆ ಸದಾ ನಡೆಯುತ್ತಿರಬೇಕು. ಕೊರತೆಯ ಬಿಸಿ ಮೊದಲು ತಟ್ಟುವುದು ಅಲ್ಲಿ. ಇದನ್ನು ಬರೆಯಿರಿ. ಕ್ಯಾರೆಟ್ ತಿನ್ನಿಸಿದ ಪ್ರಸಂಗ ಇರಲಿ, ಆದರೆ ವಿಟಮಿನ್ ಎ ಕೊರತೆಯ ಇರುಳುಗಣ್ಣೇ ಬೇರೆ, ಇದೇ ಬೇರೆ ಎಂದು ಅಲ್ಲೇ ಸ್ಪಷ್ಟಪಡಿಸಿ. ಕೊನೆಯಲ್ಲಿ ‘ಅಮೆರಿಕದಲ್ಲಿ ಇದಕ್ಕೆ ಜೀನ್ ಚಿಕಿತ್ಸೆ ಬಂದಿದೆ’ ಎಂಬ ಮಾತನ್ನು ಮಾತ್ರ ಹೊಡೆದುಹಾಕಿ. 2017ರಲ್ಲಿ ಅಲ್ಲಿ ಒಪ್ಪಿಗೆ ಪಡೆದದ್ದು ಆರ್‌ಪಿಇ65 ಎಂಬ ಬೇರೆಯೇ ಜೀನ್‌ನ ದೋಷಕ್ಕೆ. ಓದಿದ ಯಾರೋ ಒಬ್ಬರು ತೋಟ ಅಡವಿಟ್ಟು ಹೊರಟಾರು.

ಇಷ್ಟೆಲ್ಲ ತಿದ್ದಬಹುದು. ನನಗೆ ತಡೆಯಲಾಗದ್ದು ಬೇರೆ. ‘ಒಂದು ತಲೆಮಾರು ಬಿಟ್ಟು ಬಂದಿರುವುದರಿಂದ, ತಂದೆ ತಾಯಿ ಇಬ್ಬರಿಂದಲೂ ದೋಷ ಬಂದರೆ ಮಾತ್ರ ಕಾಣಿಸುವ ಕಾಯಿಲೆ ಇದು’ ಎಂದು ಬರೆದು, ಆ ಮಗಳನ್ನು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ತಲೆಮಾರು ಬಿಟ್ಟಿಲ್ಲ ಸ್ವಾಮಿ. ಅವಳಲ್ಲೂ ಅದೇ ದೋಷವಿದೆ. ಇಲ್ಲದಿದ್ದರೆ ತಾತನದು ಮೊಮ್ಮಗನಿಗೆ ಬರುವುದೆಲ್ಲಿಂದ? ಈ ಜೀನ್‌ನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೂ ಸಾಕು, ಕಾಯಿಲೆ ಬರಬಹುದು. ಪ್ರತಿ ಮಗುವಿಗೂ ಕೆಟ್ಟ ಪ್ರತಿ ಸಿಗುವ ಸಾಧ್ಯತೆ ಅರ್ಧಕ್ಕರ್ಧ. ಆದರೂ ಕೆಲವರಿಗೆ ಜೀವಮಾನವಿಡೀ ಏನೂ ಆಗುವುದಿಲ್ಲ. 2001ರಲ್ಲಿ ಲಂಡನ್ನಿನಲ್ಲಿ ಶೋಮಿ ಭಟ್ಟಾಚಾರ್ಯ ಅವರ ತಂಡ ಈ ಜೀನ್ ಅನ್ನು ಗುರುತಿಸುವ ಮೊದಲೇ ವೈದ್ಯರಿಗೆ ಇಂಥ ಮನೆತನಗಳು ಗೊತ್ತಿದ್ದವು: ಒಂದೇ ಮನೆಯಲ್ಲಿ ಕೆಲವರ ದೃಷ್ಟಿ ಪೂರ್ತಿ ಹೋಗುತ್ತದೆ, ಅದೇ ದೋಷ ಹೊತ್ತ ಇನ್ನು ಕೆಲವರು ಸೂಜಿಗೆ ದಾರ ಪೋಣಿಸುತ್ತಾರೆ.

ಕಾರಣ ಮುಖ್ಯವಾಗಿ ಎರಡನೇ ಪ್ರತಿಯಲ್ಲಿದೆ. ಕೆಟ್ಟ ಪ್ರತಿಯಿಂದ ಸಾಮಾನ್ಯವಾಗಿ ಕೆಲಸಕ್ಕೆ ಬರುವ ಪ್ರೊಟೀನು ಸಿಗುವುದಿಲ್ಲ. ಮಿಕ್ಕ ಒಳ್ಳೆಯ ಪ್ರತಿಯೇ ಎಲ್ಲ ಭಾರ ಹೊರಬೇಕು. ಆ ಒಳ್ಳೆಯ ಪ್ರತಿಗಳೂ ಒಂದೇ ಸಮನಾಗಿಲ್ಲ. ಕೆಲವರದು ಹೆಚ್ಚು ದುಡಿಯುತ್ತದೆ, ಕೆಲವರದು ಕಡಿಮೆ. ನಿಮ್ಮ ಕಥೆಯಲ್ಲಿ ಮಗಳು ತಂದೆಯಿಂದ ಕೆಟ್ಟದ್ದನ್ನು ಪಡೆದಳು, ತಾಯಿಯಿಂದ ಬಹುಶಃ ಜೋರಾಗಿ ದುಡಿಯುವ ಒಳ್ಳೆಯದನ್ನು. ಅವಳ ಕಣ್ಣು ಉಳಿದದ್ದು ತಾಯಿಯಿಂದ. ಇನ್ನು ಅವಳ ಮಗ. ತಾಯಿ ಮಗುವಿಗೆ ಎರಡರಲ್ಲಿ ಒಂದು ಪ್ರತಿಯನ್ನಷ್ಟೇ ಕೊಡುವುದು. ಕೆಟ್ಟದ್ದು ಹೋದ ಮಗುವಿಗೆ ತನ್ನನ್ನು ಕಾಪಾಡಿದ ಆ ಒಳ್ಳೆಯದನ್ನೂ ಕೊಡುವ ದಾರಿ ಅವಳಿಗಿಲ್ಲ. ಹುಡುಗನ ಎರಡನೇ ಪ್ರತಿ ಅವನ ಅಪ್ಪನ ಕಡೆಯದು, ಅದು ಸಾಲಲಿಲ್ಲ. ‘ತವರಿನಿಂದ ತಂದಳು’ ಎಂದು ಅವಳ ಮೇಲೆ ಬೆರಳು ತೋರಿಸಿದ ಗಂಡನ ಮನೆಯವರಿಗೆ ಈ ಲೆಕ್ಕದಲ್ಲಿ ತಮ್ಮ ಪಾಲೂ ಇದೆ ಎಂದು ಗೊತ್ತೇ? ಅಪ್ಪನ ಪ್ರತಿಯಲ್ಲಿ ದೋಷವೇನೂ ಇಲ್ಲ, ಅದನ್ನು ದೂರಬೇಡಿ. ಆದರೆ ತಾಯೊಬ್ಬಳ ತಲೆಗೆ ಕಟ್ಟಲೂ ಬಿಡಬೇಡಿ.

ನಿಮ್ಮ ಏಳನೇ ಪುಟದಲ್ಲಿ ಕೊಡಗಿನ ಸುಗ್ಗಿ ಹಬ್ಬ ಪುತ್ತರಿಯ ರಾತ್ರಿ ಬರುತ್ತದೆ. ಹುಣ್ಣಿಮೆ, ತಟ್ಟೆಯ ಅಕ್ಕಿಯ ಮೇಲಿಟ್ಟ ತಳಿಯತಕ್ಕಿಯ ದೀಪ ಮುಂದೆ, ‘ಪೊಲಿ ಪೊಲಿ ದೇವಾ’ ಎನ್ನುತ್ತ ಎಲ್ಲರೂ ಗದ್ದೆಗೆ ಇಳಿಯುತ್ತಾರೆ. ಗುಂಡು ಹಾರುತ್ತದೆ, ಕದಿರು ಕೊಯ್ಯುತ್ತಾರೆ. ವಾಪಸು ಬರುವಾಗ ಹುಡುಗ ಮುಂದಿನವನ ಕುಪ್ಯದ, ಆ ಉದ್ದ ನಿಲುವಂಗಿಯ ಅಂಚು ಹಿಡಿದುಕೊಳ್ಳುತ್ತಾನೆ, ಬದು ತಿರುಗುವಲ್ಲಿ ಮೊದಲು ಪಾದದಿಂದ ತಡವಿ ನೋಡಿ ಆಮೇಲೆ ಹೆಜ್ಜೆಯಿಡುತ್ತಾನೆ. ‘ತನ್ನ ಅಪ್ಪ ಹೀಗೇ ನಡೆಯುತ್ತಿದ್ದರು ಎಂದು ತಾಯಿಗೆ ನೆನಪಾಯಿತು’ ಎಂದು ಬರೆದು ಮುಂದಿನ ಪ್ಯಾರಾದಲ್ಲಿ ಮತ್ತೆ ಡಿಎನ್‌ಎಗೆ ಹೋಗಿಬಿಟ್ಟಿದ್ದೀರಿ! ಲೇಖನ ಶುರುವಾಗಬೇಕಾದದ್ದು ಇಲ್ಲಿ. ಗುಂಪಿನಲ್ಲಿ ಎಲ್ಲರಿಗೂ ಕಣ್ಣಿದೆ, ಅದನ್ನು ಕಂಡವಳು ಅವಳೊಬ್ಬಳೇ. ಅವಳ ಜೊತೆ ಮತ್ತೊಮ್ಮೆ ಕುಳಿತು ಮಾತಾಡಿ. ಆ ರಾತ್ರಿ ಗಂಡನಿಗೆ ಹೇಳಿದಳೇ? ಪರೀಕ್ಷೆಗೆ ರಕ್ತ ಕೊಡುವಾಗ ತನ್ನಲ್ಲೂ ಸಿಗಬಹುದು ಎಂದು ಅವಳಿಗೆ ಯಾರಾದರೂ ಹೇಳಿದ್ದರೇ? ನನಗೆ ಬೇಕಾದ ಲೇಖನ ಅದು.

ಕೊನೆಯ ಮಾತು, ಇದಕ್ಕೆ ರಿಯಾಯಿತಿ ಇಲ್ಲ. ನೀವು ಒಕ್ಕದ ಹೆಸರು, ಊರು ಎರಡನ್ನೂ ಹಾಕಿದ್ದೀರಿ. ಕೊಡಗಿನಲ್ಲಿ ಮನೆತನದ ಹೆಸರು ಹೇಳಿದರೆ ಅಡ್ರೆಸ್ ಕೊಟ್ಟ ಹಾಗೇ. ಮೇಲಾಗಿ ಹುಡುಗನ ತಂಗಿಯ ವರದಿಯನ್ನೂ ಒಂದು ಸಾಲಿನಲ್ಲಿ ಬರೆದುಬಿಟ್ಟಿದ್ದೀರಿ. ಆ ಹುಡುಗಿಗೆ ನಾಳೆ ಸಂಬಂಧ ನೋಡಲು ಬರುವವರು ಪತ್ರಿಕೆ ಓದುತ್ತಾರೆ. ಅವಳ ವರದಿಯನ್ನು ಅಚ್ಚು ಹಾಕಲು ಅಣ್ಣ ಒಪ್ಪಿದರೆ ಸಾಲದು, ಅವಳೇ ಒಪ್ಪಬೇಕು. ಒಪ್ಪಿದರೂ ನಾನು ಹಾಕುವುದಿಲ್ಲ. ಹೆಸರು, ಊರು, ಗುರುತು ಸಿಗುವ ತೋಟದ ವಿವರ ಎಲ್ಲ ಬದಲಿಸಿ. ತಾಯಿಗೆ ಕರಡು ಓದಿ ಹೇಳಿ, ಬೇಡವೆಂದ ಸಾಲನ್ನು ವಾದ ಮಾಡದೆ ತೆಗೆಯಿರಿ.

ಪುತ್ತರಿ ಸಂಚಿಕೆಗೆ ಜಾಗ ಕಾದಿರಿಸುತ್ತೇನೆ, ಎಂಟು ಪುಟ ಮೀರಬಾರದು. ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕಳಿಸಿ. ಕಳೆದ ಸಲದ ಪಿಡಿಎಫ್‌ನಲ್ಲಿ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿದ್ದವು.

ಇತಿ,
ಸಂಪಾದಕ