ಅರ್ಧಕ್ಕೆ ನಿಂತ ತಾರಸಿ ರಿಪೇರಿ: ಇನ್ನೂ ದುಡ್ಡು ಕೊಡಬೇಕಾ?

ಪ್ರಶ್ನೆ: ನಮ್ಮದು ಹಳೆಯ ಮನೆ. ತಾರಸಿ ಸೋರುತ್ತಿತ್ತು, ಬಚ್ಚಲುಮನೆ ಗೋಡೆಯೂ ಒದ್ದೆ. ಮೆಟೀರಿಯಲ್ ಸೇರಿ 1,80,000 ರೂಪಾಯಿಗೆ ಒಬ್ಬ ಕಂಟ್ರಾಕ್ಟರ್‌ಗೆ ಕೆಲಸ ಒಪ್ಪಿಸಿದೆವು. ಅಗ್ರಿಮೆಂಟ್ ಇಲ್ಲ, ಬರೀ ಮಾತು. ಫೋನ್‌ಪೇನಲ್ಲಿ 1,30,000 ಕೊಟ್ಟಾಯ್ತು. ಹಳೇ ಗಾರೆ ಕಿತ್ತು, ಅರ್ಧ ತಾರಸಿಗೆ ವಾಟರ್‌ಪ್ರೂಫಿಂಗ್ ಮಾಡಿ ಹೋದವರು ತಿಂಗಳಾದರೂ ಬಂದಿಲ್ಲ. ಸಿಮೆಂಟ್ ರೇಟ್ ಜಾಸ್ತಿಯಾಗಿದೆ, ಇನ್ನೂ 40,000 ಹಾಕಿ, ಆಮೇಲೆ ಆಳು ಕಳಿಸ್ತೀನಿ ಅನ್ನುತ್ತಾರೆ. ಏನು ಮಾಡಲಿ?
— ಓದುಗರು, ತುಮಕೂರು

ಉತ್ತರ: ಸದ್ಯಕ್ಕೆ ಕೊಡಬೇಡಿ. ಒಟ್ಟಿಗೆ ಇಷ್ಟು ಅಂತ ಒಪ್ಪಿಕೊಂಡ ಮೇಲೆ ರೇಟ್ ಏರಿತು ಅಂತ ಅವರೊಬ್ಬರೇ ಮೊತ್ತ ಬದಲಿಸುವಂತಿಲ್ಲ. ಬಾಯಿಮಾತಿನ ಒಪ್ಪಂದಕ್ಕೂ ಕಾನೂನಿನಲ್ಲಿ ಬೆಲೆ ಇದೆ, ಸಾಬೀತು ಮಾಡುವುದಷ್ಟೇ ಕಷ್ಟ. ನಿಮ್ಮ ಹತ್ತಿರ ಫೋನ್‌ಪೇ ದಾಖಲೆ ಇದೆಯಲ್ಲ, ವಾಟ್ಸ್ಆ್ಯಪ್ ಮೆಸೇಜುಗಳೂ ಇದ್ದರೆ ಯಾವುದನ್ನೂ ಅಳಿಸಬೇಡಿ.

ಎಷ್ಟು ದುಡ್ಡು ಹೋಯ್ತು ಅನ್ನುವುದಕ್ಕಿಂತ ಎಷ್ಟು ಕೆಲಸ ಉಳಿದಿದೆ ಅನ್ನುವ ಲೆಕ್ಕ ಮುಖ್ಯ. ಬೇರೆ ಇಬ್ಬರು ಮೇಸ್ತ್ರಿಗಳನ್ನು ಕರೆಸಿ, ಉಳಿದದ್ದಕ್ಕೆ ಎಷ್ಟಾಗುತ್ತೆ ಅಂತ ಬರೆಸಿಕೊಳ್ಳಿ. 75,000 ಅಂದರು ಅಂತಿಟ್ಟುಕೊಳ್ಳಿ. ನಿಮ್ಮ ಕೈಯಲ್ಲಿ ಉಳಿದಿರುವುದು 50,000, ಹಾಗಾಗಿ 25,000 ಅವರೇ ನಿಮಗೆ ಕೊಡಬೇಕು. ಅಕಸ್ಮಾತ್ 30,000 ಸಾಕು ಅಂದರೆ? ಆಗ ಅವರು ಮಾಡಿರುವ ಕೆಲಸ ನೀವು ಕೊಟ್ಟದ್ದಕ್ಕಿಂತ ಜಾಸ್ತಿ, ಇಡೀ 50,000 ನಿಮ್ಮದೇ ಅಂತ ಕೂತರೆ ಅದೂ ನ್ಯಾಯ ಅಲ್ಲ. ಕಂಟ್ರಾಕ್ಟರ್‌ಗಳೆಲ್ಲ ಮೋಸಗಾರರು ಅನ್ನುವವರು ಈ ಎರಡನೇ ಲೆಕ್ಕ ಮಾಡುವುದೇ ಇಲ್ಲ.

ಆಮೇಲೆ ತಾರಸಿ, ಬಚ್ಚಲುಮನೆಯ ಫೋಟೋ, ವಿಡಿಯೊ ತೆಗೆದಿಟ್ಟುಕೊಂಡು, ಏನೇನು ಬಾಕಿ ಇದೆ, ಹದಿನೈದು ದಿನದಲ್ಲಿ ಮುಗಿಸದಿದ್ದರೆ ಬೇರೆಯವರಿಂದ ಮಾಡಿಸಿ ಹೆಚ್ಚುವರಿ ಖರ್ಚು ನಿಮ್ಮಿಂದಲೇ ವಸೂಲಿ ಮಾಡುತ್ತೇವೆ ಅಂತ ಬರೆದು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ವಾಟ್ಸ್ಆ್ಯಪ್‌ನಲ್ಲೂ ಹಾಕಿ. ಗಡುವು ಮುಗಿಯುವ ಮೊದಲು ಹೊಸಬರನ್ನು ತಾರಸಿ ಹತ್ತಿಸಬೇಡಿ. ಹತ್ತಿಸಿದರೆ ಯಾರ ಕೆಲಸ ಎಲ್ಲಿಗೆ ನಿಂತಿತ್ತು ಅಂತ ಹೇಳುವುದೇ ಕಷ್ಟವಾಗುತ್ತದೆ. ಮಳೆ ಬಂದರೆ? ತಾಡಪಾಲು ಹೊದಿಸಿ, ಬೇರೆ ದಾರಿ ಇಲ್ಲ.

ಕೋಪಕ್ಕೆ ಅವರ ಏಣಿ, ಡ್ರಿಲ್ ಒಳಗಿಟ್ಟು ಬೀಗ ಹಾಕಬೇಡಿ. ಸುಮ್ನೆ ನಿಮ್ಮ ಮೇಲೇ ದೂರು ಬರುತ್ತದೆ. ಪೊಲೀಸ್ ಸ್ಟೇಷನ್ನಿಗೆ ಹೋದರೂ ಇದು ಸಿವಿಲ್ ವ್ಯವಹಾರ ಅಂತ ವಾಪಸ್ ಕಳಿಸುವುದೇ ಜಾಸ್ತಿ, ಶುರುವಿನಿಂದಲೇ ಮೋಸ ಮಾಡುವ ಉದ್ದೇಶ ಇತ್ತು ಅಂತ ತೋರಿಸಿದರೆ ಮಾತ್ರ ಅದು ವಂಚನೆ ಕೇಸು.

ನಿಮಗೆ ಸರಿಯಾದ ಜಾಗ ಜಿಲ್ಲಾ ಗ್ರಾಹಕ ಆಯೋಗ. ಮೊದಲು 1915ಕ್ಕೆ ಫೋನ್ ಮಾಡಿ ದೂರು ಬರೆಸಬಹುದು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಬಗೆಹರಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನಿಮ್ಮ ಊರಿನಲ್ಲೇ ಕೇಸು ಹಾಕಿ, ಕಂಟ್ರಾಕ್ಟರ್ ಯಾವ ಊರಿನವರಾದರೂ ಪರವಾಗಿಲ್ಲ. ಸೇವೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, ವಕೀಲರು ಇರಲೇಬೇಕು ಅಂತಲೂ ಇಲ್ಲ. ತೊಂದರೆ ಶುರುವಾದಾಗಿನಿಂದ ಎರಡು ವರ್ಷದೊಳಗೆ ಹಾಕಬೇಕು, ಅಷ್ಟೇ. ತೀರ್ಪಿಗೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು, ಆದ್ದರಿಂದ ಮಧ್ಯದಲ್ಲಿ ಅವರು ರಾಜಿಗೆ ಬಂದರೆ ಮೇಲೆ ಹೇಳಿದ ಲೆಕ್ಕ ಮುಂದಿಟ್ಟು ಮಾತಾಡಿ.

ಉಳಿದ ಕೆಲಸವನ್ನು ಅವರೇ ಮುಗಿಸಲಿ, ಹೊಸ ಮೇಸ್ತ್ರಿ ಮುಗಿಸಲಿ, ಕೊನೇ ಕಂತು ಮಾತ್ರ ತಡೆದಿಟ್ಟುಕೊಳ್ಳಿ. ತಾರಸಿಯ ನೀರು ಹೋಗುವ ಕಿಂಡಿ ಮುಚ್ಚಿ, ಎರಡು ಮೂರು ದಿನ ನೀರು ನಿಲ್ಲಿಸಿ ನೋಡಿ. ಕೆಳಗಿನ ರೂಮಿನ ಸೀಲಿಂಗ್‌ನಲ್ಲಿ ತೇವ ಕಾಣದಿದ್ದರೆ ಆಗ ಕೊಡಿ.